ಓಣಿಯ ಮಗ್ಗಗಳು ನಿಂತ ದಿನ

ನಾನು ಸತ್ತಿದ್ದೇನೆ ಎಂದು ನನಗೆ ಗೊತ್ತಾದದ್ದು ಮಗ್ಗಗಳು ನಿಂತಾಗ.

ವಿನಾಯಕ, ನಾನು ಆಸ್ಪತ್ರೆಯಿಂದ ಮನೆಗೆ ಬಂದ ದಿನ ನೀನು ಬಾಗಿಲ ಹಿಂದೆ ನಿಂತು, "ಆಯಿ, ನೀ ಸತ್ತು ಬಂದೀಯೇನ?" ಎಂದು ಕೇಳಿದೆ. ನಿಮ್ಮ ಅವ್ವ ಸುವರ್ಣಾ ನಿನ್ನ ಬೆನ್ನಿಗೆ ಒಂದು ಏಟು ಹಾಕಿದಳು. ಅಕ್ಕ ಅಕ್ಷತಾ ನಿನ್ನನ್ನು ಒಳಗೆ ಎಳೆದುಕೊಂಡು ಹೋದಳು. ನೀನು ಕೇಳಿದ್ದು ತಪ್ಪಲ್ಲ. ನನಗೂ ಅದೇ ಪ್ರಶ್ನೆ ಇತ್ತು. ಆದರೆ ಆಗ ನನ್ನ ಬಾಯಲ್ಲಿ ಉಳಿದದ್ದು ಒಂದೆರಡೇ ಪದ, ಅವುಗಳಿಂದ ಉತ್ತರ ಕೊಡಲು ಆಗುತ್ತಿರಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಬಲಗೈ ಇನ್ನೂ ಪೂರ್ತಿ ನನ್ನದಾಗಿಲ್ಲ. ಅಕ್ಷತಾಳ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಬರೆಯುತ್ತೇನೆ, ಒಂದು ಹಾಳೆಗೆ ಎರಡು ದಿನ ಹಿಡಿಯುತ್ತದೆ. ಅನಗವಾಡಿಯ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು ನಾನು. ಹೊಳೆಯ ಮರಳಲ್ಲಿ ಬೆರಳಿನಿಂದ ತಿದ್ದಿ ತಿದ್ದಿ ಅಕ್ಷರ ದುಂಡಗೆ ಮಾಡಿಕೊಂಡಿದ್ದೆ. ಈಗಿನ ಅಕ್ಷರ ನೋಡಿ ನಗಬೇಡಿ. ಒಂದು ಪದ ಬರೆಯಲು ಹೋದರೆ ಕೈ ಇನ್ನೊಂದನ್ನು ಬರೆದಿರುತ್ತದೆ. ಸುವರ್ಣಾ ಓದಿ ತಿದ್ದುತ್ತಾಳೆ. ನಿನ್ನೆ "ಆಸ್ಪತ್ರೆ" ಎಂದು ಬರೆಯಬೇಕಾದಲ್ಲಿ ಎರಡು ಸಲ "ಅತ್ತೆಮನೆ" ಎಂದು ಬರೆದಿದ್ದೆನಂತೆ. ಅವಳು ಒಳಗೆ ಕುಳಿತು ನಕ್ಕದ್ದು ನನಗೆ ಕೇಳಿಸಿತು.

ನಮ್ಮ ಬನಹಟ್ಟಿಯ ಓಣಿಯಲ್ಲಿ ಮಗ್ಗಗಳು ಎರಡು ರೀತಿಯಲ್ಲಿ ನಿಲ್ಲುತ್ತವೆ. ಕರೆಂಟು ಹೋದರೆ ಎಲ್ಲ ಮಗ್ಗ ಒಂದೇ ಏಟಿಗೆ ನಿಲ್ಲುತ್ತವೆ, ಫ್ಯಾನೂ ನಿಲ್ಲುತ್ತದೆ, ಗಂಡಸರು ಬೈಯುತ್ತ ಕಟ್ಟೆಗೆ ಬಂದು ಕೂಡುತ್ತಾರೆ. ಓಣಿಯಲ್ಲಿ ಯಾರಾದರೂ ಸತ್ತರೆ ಹಾಗಲ್ಲ. ಸುದ್ದಿ ಮನೆಯಿಂದ ಮನೆಗೆ ಹೋದ ಹಾಗೆ ಒಂದೊಂದೇ ಮಗ್ಗ ನಿಲ್ಲುತ್ತದೆ. ಕೊನೆಗೆ ಮೂಲೆಮನೆಯ ಮಗ್ಗ ನಿಂತಾಗ ಕಿವಿಯಲ್ಲಿ ಗುಂಯ್ ಎನ್ನುವಂಥ ಮೌನ. ಹೆಣ ಓಣಿ ದಾಟುವವರೆಗೂ ಯಾರೂ ಬಟನ್ ಒತ್ತುವುದಿಲ್ಲ. ನಲವತ್ತು ವರ್ಷದಿಂದ ನಾನು ಆ ಮೌನ ಕೇಳಿದ್ದೇನೆ. ನಿಮ್ಮ ಅಜ್ಜ ಹೋದಾಗಲೂ ಕೇಳಿದ್ದೇನೆ.

ಆ ದಿನ ನಾನು ನೆಲದ ಮೇಲೆ ಬಿದ್ದುಕೊಂಡಿದ್ದೆ. ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು. ಮಗ್ಗಗಳು ಒಂದೊಂದಾಗಿ ನಿಲ್ಲತೊಡಗಿದವು. ಫ್ಯಾನ್ ತಿರುಗುತ್ತಿದೆ ಎಂದರೆ ಕರೆಂಟು ಇದೆ. ಹಾಗಾದರೆ ಯಾರು ಎಂದು ಯೋಚಿಸಿದೆ. ಓಣಿಯಲ್ಲಿ ಹಾಸಿಗೆ ಹಿಡಿದವರು ಯಾರೂ ಇರಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ಆದರೆ ಯಾವುದು ನಾನು ಕಂಡದ್ದು, ಯಾವುದು ಆಮೇಲೆ ಸುವರ್ಣಾ ಹೇಳಿದ್ದು ಎಂದು ಬೇರೆ ಮಾಡಲು ನನಗೆ ಬರುವುದಿಲ್ಲ. ಎರಡೂ ಎಳೆ ಕೂಡಿಬಿಟ್ಟಿವೆ.

ನೀವಿಬ್ಬರೂ ಸಾಲೆಗೆ ಹೋಗಿದ್ದಿರಿ. ನಾನು ಎಂದಿನಂತೆ ಒಳಕೋಣೆಯಲ್ಲಿ ರಾಟಿ ಮುಂದೆ ಕುಳಿತು ಕಂಡಿಕೆ ಸುತ್ತುತ್ತಿದ್ದೆ. ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯೊಳಗೆ ಕೂಡಿಸುವ ನೂಲಿನ ಕಂಡಿಕೆ ನಿಮಗೆ ಗೊತ್ತೇ ಇದೆ, ಚಿಕ್ಕವರಿದ್ದಾಗ ಕದ್ದು ಆಡಿದ್ದೀರಿ. ಚಹಾ ಆದಮೇಲೆ ನಿಮ್ಮ ಅಪ್ಪ ಈರಣ್ಣ ಬಂದು ತುಂಬಿದ ಬುಟ್ಟಿ ಒಯ್ದ, ಖಾಲಿ ಬುಟ್ಟಿ ಇಟ್ಟ. ಮತ್ತೆ ಸುತ್ತತೊಡಗಿದೆ. ಒಂದು ಎಳೆ ಹರಿಯಿತು. ಗಂಟು ಹಾಕಲು ಹೋದೆ. ಬೆರಳಿಗೆ ಗಂಟು ಮರೆತುಹೋಗಿತ್ತು.

ನೂಲೇ ಸರಿಯಿಲ್ಲ ಎಂದುಕೊಂಡೆ. ಮತ್ತೆ ಹಿಡಿದೆ, ಎಳೆ ಬೆರಳ ಮೇಲಿಂದ ಜಾರಿತು. ನನಗೆ ಭಯವಾಗಲಿಲ್ಲ, ನಾಚಿಕೆಯಾಯಿತು. ಮದುವೆಯಾಗಿ ಬಂದ ವರ್ಷ ಗಂಟು ಹಾಕಲು ಬಾರದೆ ಅತ್ತೆಯ ಮುಂದೆ ಹೀಗೇ ಕುಳಿತಿದ್ದೆ. ಯಾರನ್ನೂ ಕರೆಯಲಿಲ್ಲ. ಕರೆದರೂ ನಾಲ್ಕು ಮಗ್ಗದ ಸಪ್ಪಳದಲ್ಲಿ ಕೇಳಿಸುತ್ತಿರಲಿಲ್ಲ. ಗೋಡೆಗೆ ಒರಗಿದೆ. ಗೋಡೆ ನಿಧಾನವಾಗಿ ಮೇಲೆ ಹೋಯಿತು.

ಸುವರ್ಣಾ ನೀರು ಕುಡಿಯಲು ಒಳಗೆ ಬಂದವಳು ನನ್ನನ್ನು ನೋಡಿದಳು.

"ಅತ್ತಿ! ಬಾಯಿ ಯಾಕ ಹಿಂಗ ಸೊಟ್ಟ ಆಗೈತಿ?"

ಏನೂ ಆಗಿಲ್ಲ, ನೂಲು ಹರಿಯುತ್ತಿದೆ ಅಷ್ಟೇ ಎಂದು ಹೇಳಿದೆ. ನನ್ನ ಕಿವಿಗೆ ಬಿದ್ದದ್ದು ಬೇರೆ.

"ಲಾಳಿ."

"ಏನಂದ್ರಿ?"

"ಲಾಳಿ. ಲಾಳಿ ಲಾಳಿ."

ಅವಳು ಕಿರುಚಿಕೊಂಡು ಮಗ್ಗದ ಕೋಣೆಗೆ ಓಡಿದಳು. ಈರಣ್ಣ ಬಂದ. ಪಕ್ಕದ ಮನೆಯ ಗೌರಕ್ಕ ಬಂದಳು. ಎದುರುಮನೆಯ ಮಲ್ಲಪ್ಪ ಬಂದ. ಗೌರಕ್ಕ ಉಳ್ಳಾಗಡ್ಡಿ ಜಜ್ಜಿ ನನ್ನ ಮೂಗಿಗೆ ಹಿಡಿದಳು. ಕಣ್ಣಲ್ಲಿ ನೀರು ಬಂತು. "ನೋಡ್ರಿ, ಅಳಾಕತ್ತಾಳ, ಯಾರದೋ ಕಣ್ಣ ಬಿದ್ದೈತಿ," ಎಂದಳು. ಈರಣ್ಣ ಫೋನಿನಲ್ಲಿ ಓಣಿಯ ಗುರುತು ಹೇಳುತ್ತಿದ್ದ. ಅವನ ಬಾಯಿಂದ ಆಂಬುಲೆನ್ಸ್ ಎಂಬ ಮಾತು ಕೇಳಿದೆ.

ಬೇಡ ಎಂದು ಹೇಳಿದೆ. ಅದೂ ಲಾಳಿ ಆಯಿತು.

ಯಾಕೆ ಬೇಡ ಎನ್ನಿಸಿತು ಎಂದು ನಿಮಗೆ ಗೊತ್ತು. ನಾನೇ ಕಲಿಸಿದ್ದು. ಮುಖ್ಯ ರಸ್ತೆಯಲ್ಲಿ ಆ ಗಾಡಿ ಕೂಗುತ್ತ ಬಂದರೆ ನಿಮ್ಮಿಬ್ಬರ ಮುಖವನ್ನು ಗೋಡೆಗೆ ತಿರುಗಿಸುತ್ತಿದ್ದೆ. "ನೋಡಬ್ಯಾಡ್ರಿ, ಹೆಣದ ಗಾಡಿ," ಎನ್ನುತ್ತಿದ್ದೆ. ಅದು ಹೋದಮೇಲೆ ಮೂರು ಸಲ ಉಗುಳಿಸುತ್ತಿದ್ದೆ. ಒಂದು ಸಲ ಜಮಖಂಡಿಗೆ ಟಮ್‌ಟಮ್ ಆಟೋದಲ್ಲಿ ಹೋಗುತ್ತಿದ್ದೆ. ಹಿಂದಿನಿಂದ ಆಂಬುಲೆನ್ಸ್ ಕೂಗಿತು. ನಮ್ಮ ಟಮ್‌ಟಮ್‌ನವನು ಸರಿಯಲಿಲ್ಲ. "ಒಳಗ ಯಾರೂ ಇರೂದಿಲ್ಲ ಬಿಡ್ರಿ. ಚಾ ಕುಡ್ಯಾಕ ಹೊಂಟಿರತಾರ ಮಕ್ಕಳು," ಎಂದ. ಎಲ್ಲರೂ ನಕ್ಕರು. ನಾನೂ ಸೆರಗು ಬಾಯಿಗೆ ಹಿಡಿದು ನಕ್ಕಿದ್ದೆ. ಆ ಗಾಡಿ ಬಹಳ ದೂರ ನಮ್ಮ ಹಿಂದೆಯೇ ಕೂಗುತ್ತ ಬಂತು. ಈಗ ನನ್ನ ಬಾಗಿಲಿಗೆ ಬರುತ್ತದೆ ಎಂದಾಗ ನನಗೆ ಆ ನಗು ನೆನಪಾಗಲಿಲ್ಲ, ಸುಳ್ಳು ಹೇಳುವುದಿಲ್ಲ. ಬಾಗಿಲಿಗೆ ಅಪಶಕುನ ಬಂತಲ್ಲ ಎಂದು ಮಾತ್ರ ಅನ್ನಿಸಿತು.

ಸೈರನ್ ಓಣಿಯ ಬಾಯಿಗೆ ಬಂದು ಕೂಗಿತು. ಆಗಲೇ ಮಲ್ಲಪ್ಪನ ಮಗ್ಗ ನಿಂತದ್ದು. ಆಮೇಲೆ ಅದರಾಚೆಯದು, ಅದರಾಚೆಯದು, ಕೊನೆಗೆ ಮೂಲೆಮನೆಯದು. ಸುದ್ದಿ ಹೇಳಲು ಯಾರೂ ಮನೆಮನೆಗೆ ಹೋಗಬೇಕಾಗಲಿಲ್ಲ. ಗಾಡಿಯೇ ಸುದ್ದಿಯಾಯಿತು.

ಫ್ಯಾನ್ ತಿರುಗುತ್ತಿತ್ತು. ನಾನು ಸತ್ತಿದ್ದೆ.

ಇಬ್ಬರು ಬಂದರು. ಡ್ರೈವರ್ ಲಕ್ಷ್ಮಣ, ದಪ್ಪ ಮೀಸೆಯವನು. ಇನ್ನೊಬ್ಬ ಗಾಡಿಯೊಳಗೆ ಪೇಷಂಟನ್ನು ನೋಡಿಕೊಳ್ಳುವವನು, ಸಿದ್ರಾಮ ಅಂತ, ರನ್ನ ಬೆಳಗಲಿಯವನು. ಈ ಹೆಸರುಗಳು ಆಮೇಲೆ ಗೊತ್ತಾದವು. ಹೊಸಿಲು ದಾಟುವ ಮೊದಲೇ ಮಲ್ಲಪ್ಪ ಅವರ ಮೇಲೆ ಬಿದ್ದ.

"ಈಗ ಬಂದ್ರಿ? ಚಾ, ಚುರಮರಿ ಎಲ್ಲಾ ಮುಗೀತೇನು?"

"ಆಸಂಗಿ ಕಡೆ ಒಂದ ಬಾಣಂತಿ ಇಳಿಸಿ ಸೀದಾ ಬಂದೇವ್ರಿ," ಎಂದ ಲಕ್ಷ್ಮಣ.

"ಎಲ್ಲಾರೂ ಹಿಂಗ ಹೇಳತೀರಿ."

ಸಿದ್ರಾಮ ಆ ಕಡೆ ನೋಡಲೇ ಇಲ್ಲ. ನನ್ನ ಮುಂದೆ ಮೊಣಕಾಲೂರಿ ಕುಳಿತ. ಬೆವರಿನಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು.

"ಯವ್ವಾ, ನನ್ನ ಕಡೆ ನೋಡ್ರಿ. ಒಂದ್ಸಲ ನಗ್ರಿ ನೋಡೂಣು."

ಸತ್ತವಳಿಗೆ ನಗು ಎನ್ನುತ್ತಾನೆ. ಗಂಡ ಸತ್ತ ಮೇಲೆ ಪರಗಂಡಸರ ಮುಂದೆ ಹಲ್ಲು ಕಾಣದ ಹಾಗೆ ಬದುಕಿದವಳು ನಾನು. ಓಣಿಯೆಲ್ಲ ಬಾಗಿಲಲ್ಲಿ ನಿಂತಿರುವಾಗ ಹೇಗೆ ನಗಲಿ? ತುಟಿ ಬಿಗಿದುಕೊಂಡೆ.

"ಎರಡೂ ಕೈ ಮ್ಯಾಲೆ ಎತ್ರಿ."

ನಮಸ್ಕಾರ ಮಾಡಲು ಹೇಳುತ್ತಿದ್ದಾನೆ, ಮೇಲೆ ಯಾರೋ ದೊಡ್ಡವರು ಕಾಯುತ್ತಿದ್ದಾರೆ ಎಂದುಕೊಂಡು ಎತ್ತಿದೆ. ಎಡಗೈ ಹೋಯಿತು. ಬಲಗೈ ನೆಲದ ಮೇಲೆ ಬೇರೆ ಯಾರದೋ ಕೈಯ ಹಾಗೆ ಬಿದ್ದಿತ್ತು.

"ಹೆಸರೇನ್ರಿ ಯವ್ವಾ?"

"ಲಾಳಿ."

"ಆಕಿ ಹೆಸರ ನೀಲವ್ವ," ಎಂದಳು ಗೌರಕ್ಕ.

"ಇರ್ಲಿ ರೀ, ಅವರ ಬಾಯಲೆ ಕೇಳಬೇಕಿತ್ತು." ಅವನು ತಿರುಗಿ ಮನೆಯವರನ್ನು ಕೇಳಿದ, "ಛಲೋ ಇದ್ದಾಗ ಇವರನ್ನ ಕೊನೀಕ ಯಾರ ನೋಡೀರಿ? ಎಷ್ಟೊತ್ತಿಗೆ?"

ಆ ಹೊತ್ತಿಗೆ ನನ್ನ ಬಳಿ ಯಾರೂ ಇರಲಿಲ್ಲ. ಸುವರ್ಣಾ ಬಟ್ಟೆ ಒಗೆಯಲು ಹಿತ್ತಲಲ್ಲಿದ್ದಳು. ಈರಣ್ಣ ಮಗ್ಗದಲ್ಲಿದ್ದ.

"ಅದನ್ನ ಕಟಗೊಂಡು ಏನ ಮಾಡತೀ? ಮೊದಲ ಎತ್ತು," ಎಂದ ಮಲ್ಲಪ್ಪ.

"ಲಕ್ವಾಕ ಒಂದ ಇಂಜೆಕ್ಷನ್ ಐತ್ರಿ ಕಾಕಾ. ಯಾವಾಗ ಶುರು ಆತು ಅಂತ ಗೊತ್ತಿದ್ರ ಡಾಕ್ಟರು ಕೊಡತಾರ. ಗೊತ್ತಿಲ್ಲಂದ್ರ ಕೈ ಹಚ್ಚೂದಿಲ್ಲ. ಹೊತ್ತ ಮೀರಿದ್ರೂ ಇಲ್ಲ. ಈ ಅವ್ವನ ಮಾತು, ಕೈ, ಕಾಲು ಎಲ್ಲಾ ಅದರ ಮ್ಯಾಲೆ ಐತಿ."

ನನಗೆ ಗೊತ್ತಿತ್ತು! ಎಳೆ ಹರಿದಾಗ ಎಂದು ಹೇಳಿದೆ. ಲಾಳಿ, ಲಾಳಿ ಎಂದೆ. ಎಡಗೈಯಿಂದ ಬುಟ್ಟಿಯನ್ನು ತಳ್ಳಿದೆ. ಕಂಡಿಕೆಗಳು ನೆಲದ ಮೇಲೆ ಉರುಳಿದವು.

ಈರಣ್ಣ ಅವುಗಳನ್ನೇ ನೋಡುತ್ತ ನಿಂತ. ಆಮೇಲೆ ಒಮ್ಮೆಲೇ, "ನಾ ತುಂಬಿದ ಬುಟ್ಟಿ ಒಯ್ದಾಗ ಹತ್ತೂವರಿ ಆಗಿತ್ತು. ಮೊಬೈಲ ನೋಡೇನಿ. ಆಗ ಅವ್ವ ಛಲೋ ಇದ್ಳು. ಖಾಲಿ ಬುಟ್ಟಿ ಇಟ್ಟ ಬಂದೇನಿ," ಎಂದ.

ಸುವರ್ಣಾ ಕೂತು ಎಣಿಸಿದಳು. ಒಂಬತ್ತು ಪೂರ್ತಿ, ರಾಟಿಯ ಮೇಲೆ ಒಂದು ಅರ್ಧ.

"ಒಂದ ಸುತ್ತಾಕ ಎಷ್ಟ ಹೊತ್ತ ಬೇಕ್ರಿ?" ಎಂದ ಸಿದ್ರಾಮ.

ಉಳ್ಳಾಗಡ್ಡಿ ಹಿಡಿದು ನಿಂತಿದ್ದ ಗೌರಕ್ಕ ಬಗ್ಗಿ ಒಂದು ಕಂಡಿಕೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. "ನಂಗಾದ್ರ ನಾಕ ಮಿನಿಟ. ಇಕಿ ಕೈ ಜಲ್ದಿ. ಮೂರಂತ ಹಿಡೀರಿ." ನನ್ನ ಕೈ ತನ್ನದಕ್ಕಿಂತ ಚುರುಕು ಎಂದು ಅವಳು ಒಪ್ಪಿಕೊಂಡದ್ದು ಅದೇ ಮೊದಲು. ನಾನು ಸತ್ತದ್ದಕ್ಕೇ ಹೀಗೆ ಹೇಳುತ್ತಿದ್ದಾಳೆ ಎಂದು ಖಾತ್ರಿಯಾಯಿತು.

"ಹಂಗಾರ ಹನ್ನೊಂದರ ಸುಮಾರು," ಎಂದು ಸಿದ್ರಾಮ ತನ್ನ ಕೈಗವಸಿನ ಮೇಲೆ ಪೆನ್ನಿನಿಂದ ಬರೆದುಕೊಂಡ. "ಇನ್ನೂ ಟೈಮ್ ಐತಿ. ಏಳ್ರಿ, ಜಮಖಂಡಿ."

"ಜಮಖಂಡಿ ಯಾಕ? ಮುಧೋಳಕ ಹೊಡೀರಿ. ಅಲ್ಲೆ ನಮ್ಮ ಡಾಕ್ಟರ್ ಅದಾರ," ಎಂದ ಮಲ್ಲಪ್ಪ.

"ಅವರ ಕಡೆ ತಲಿ ಸ್ಕ್ಯಾನ್ ಐತೇನ್ರಿ?"

"ಸಲಾಯಿನ್ ಹಚ್ಚತಾರ. ಎರಡ ಬಾಟ್ಲಿ ಹಚ್ಚಿದ್ರ ಎದ್ದ ಕುಂಡರತಾಳ. ನೀ ಡ್ರೈವರ್ ಅದೀ, ಹೇಳಿದಲ್ಲೆ ನಡಿ."

"ಡ್ರೈವರ್ ಖರೆ ರೀ," ಎಂದ ಲಕ್ಷ್ಮಣ. "ಆದ್ರ ಇದು ಟಮ್‌ಟಮ್ ಅಲ್ಲ, ಕೈ ಮಾಡಿದಲ್ಲೆ ನಿಲ್ಲಸಾಕ."

ಸ್ಟ್ರೆಚರ್ ಒಳಕೋಣೆಗೆ ಬರಲಿಲ್ಲ. ನಮ್ಮ ಮನೆ ನಿಮಗೆ ಗೊತ್ತಲ್ಲ, ಮಗ್ಗದ ಪಕ್ಕದ ದಾರಿಯಲ್ಲಿ ಅಡ್ಡ ತಿರುಗಿ ನಡೆಯಬೇಕು. ಸಿದ್ರಾಮ ಸುತ್ತ ನೋಡಿ ನಿಮ್ಮ ಕೆಂಪು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡ. ನನ್ನನ್ನು ಅದರಲ್ಲಿ ಕೂಡಿಸಿ, ಮಗ್ಗದ ಮೇಲಿಂದ ಇಳಿಸಿದ್ದ ಸೀರೆಯಿಂದ ಎದೆಗೆ ಸುತ್ತಿ ಕುರ್ಚಿಗೆ ಬಿಗಿದ. ಇಬ್ಬರೂ ಹಿಂದೆ ಮುಂದೆ ಹಿಡಿದು ಎತ್ತಿದರು.

ಮಕ್ಕಳೇ, ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಕೂಡಿಸಿ, ಬಟ್ಟೆಯಿಂದ ಬಿಗಿದು, ವಿಭೂತಿ ಹಚ್ಚಿ, ವಿಮಾನವೆಂಬ ಅಲಂಕರಿಸಿದ ಚಟ್ಟದಲ್ಲಿ ಕೂತಂತೆಯೇ ಒಯ್ಯುತ್ತಾರೆ. ನಿಮ್ಮ ಅಜ್ಜ ಹಾಗೇ ಹೋದರು.

ನಾನು ಬಾಗಿಲಿಗೆ ಬಂದಾಗ ಓಣಿಯ ಎರಡೂ ಬದಿಗೆ ಜನ ನಿಂತಿದ್ದರು. ಒಂದು ಮಗ್ಗದ ಸದ್ದಿಲ್ಲ. ಗಂಡಸರು ಟೊಪ್ಪಿಗೆ ತೆಗೆದು ಕೈ ಮುಗಿದರು. ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು. ಗೌರಕ್ಕ ಎಲ್ಲಿಂದಲೋ ವಿಭೂತಿ ತಂದು ನನ್ನ ಹಣೆಗೆ ಮೂರು ಬೆರಳು ಎಳೆದಳು. ಯಾರೋ ಎರಡು ಚೆಂಡುಹೂ ಎಸೆದರು, ಒಂದು ನನ್ನ ಮಡಿಲಲ್ಲಿ ಬಿತ್ತು. ಎಲ್ಲವೂ ಸರಿಯಾಗಿಯೇ ನಡೆಯುತ್ತಿತ್ತು. ಭಜನೆಯವರು ಮಾತ್ರ ಇರಲಿಲ್ಲ. ಈರಣ್ಣನಿಗೆ ಅವಸರದಲ್ಲಿ ಹೇಳಿಕಳಿಸಲು ಆಗಿರಲಿಕ್ಕಿಲ್ಲ ಎಂದುಕೊಂಡೆ, ಸ್ವಲ್ಪ ಕೆಟ್ಟದೆನ್ನಿಸಿತು.

ಕುರ್ಚಿ ವಾಲಿತು. ಲಕ್ಷ್ಮಣ ಒಂದು ಕಾಲು ಗಟಾರದ ಅಂಚಿನಲ್ಲಿಟ್ಟು ಗುಡುಗಿದ.

"ಏ ಯಪ್ಪಗೋಳಾ! ಅವ್ವ ಜೀವಂತ ಅದಾಳ! ಕೈ ಮುಗಿಯೂದ ಬಿಟ್ಟು ಕೈ ಹಚ್ಚರಿ!"

ಆಮೇಲೆ ಮುಗಿದ ಕೈಗಳು ಬಿಚ್ಚಿದವು. ಆರೇಳು ಜನ ಬಂದು ಕುರ್ಚಿ ಹಿಡಿದರು, ಮಲ್ಲಪ್ಪನೂ ಹಿಡಿದ. ಜೀವಂತ ಎಂದದ್ದು ನನಗೆ ಕೇಳಿಸಿತು. ಯಾರ ಬಗ್ಗೆ ಹೇಳುತ್ತಿದ್ದಾನೆ ಎಂದು ಮಾತ್ರ ತಿಳಿಯಲಿಲ್ಲ.

ಗಾಡಿಯೊಳಗೆ ಸುವರ್ಣಾ ನನ್ನ ಕಾಲ ಬಳಿ ಕುಳಿತಳು. ಈರಣ್ಣ ಮುಂದೆ ಕುಳಿತ. ಸಿದ್ರಾಮ ಬೆಲ್ಟ್ ಹಾಕಲು ಬಗ್ಗಿದಾಗ, ಇವನು ನನ್ನನ್ನು ಮಣ್ಣಿಗೆ ಒಯ್ಯುತ್ತಿದ್ದಾನೆ ಎಂದು ಒಮ್ಮೆಲೇ ಭಯ ಬಂತು. ಎಡಗೈಯಿಂದ ಅವನ ಕೆನ್ನೆಗೆ ಹೊಡೆದೆ. ಸುವರ್ಣಾ ಹಾಗೇನೂ ಆಗಲಿಲ್ಲ ಎನ್ನುತ್ತಾಳೆ. ನನ್ನ ಅಂಗೈಗೆ ಅವನ ಎರಡು ದಿನದ ಗಡ್ಡ ಚುಚ್ಚಿದ್ದು ನೆನಪಿದೆ.

"ನನ್ನ ಕೈ ಹಿಚಕ್ರಿ, ಲಾಳಿ ಅವ್ವಾ. ಹಾಂ, ಇನ್ನೂ ಗಟ್ಟಿ," ಎನ್ನುತ್ತಿದ್ದ. ದಾರಿಯುದ್ದಕ್ಕೂ ಎನ್ನುತ್ತಿದ್ದ. ನಿಮ್ಮ ಅಜ್ಜ ಹೋದಮೇಲೆ ಗಂಡಸೊಬ್ಬ ನನ್ನ ಕೈ ಹಿಡಿದಿರಲಿಲ್ಲ. ಬಿಡಿಸಿಕೊಳ್ಳಬೇಕು ಎನ್ನಿಸುತ್ತಿತ್ತು, ಬಿಟ್ಟರೆ ಬೀಳುತ್ತೇನೆ ಎಂದೂ ಅನ್ನಿಸುತ್ತಿತ್ತು. ಹಿಚುಕಿದೆ.

ಗಾಡಿ ನಿಂತಿತು. ಮುಂದೆ ಕಬ್ಬಿನ ಟ್ರ್ಯಾಕ್ಟರ್, ಅದರ ಹಾಡು ಗಾಡಿಯೊಳಗೂ ಕೇಳಿಸುತ್ತಿತ್ತು. ಲಕ್ಷ್ಮಣ ಹಾರ್ನ್ ಒತ್ತಿ ಒತ್ತಿ, "ಯಪ್ಪಾ, ನಿನ್ನ ಹಾಡ ಕೇಳಾಕ ಬಂದಿಲ್ಲೋ ನಾವು," ಎಂದು ಬೇಡಿಕೊಳ್ಳುತ್ತಿದ್ದ. ದಾರಿ ಸಿಕ್ಕಾಗ ನಮ್ಮ ಹಿಂದೆಯೇ ನಾಲ್ಕೈದು ಮೋಟರ್‌ಸೈಕಲ್ ನುಗ್ಗಿದವು. ಖಾಲಿ ರಸ್ತೆ ಸಿಕ್ಕಿತೆಂದು ನಮ್ಮ ಬಾಲ ಹಿಡಿದುಕೊಂಡು ಬಂದವು. ನಾಕಾ ಸರ್ಕಲ್ಲಿನ ಬಳಿ ಗಾಡಿ ಮತ್ತೆ ನಿಧಾನವಾಯಿತು. ಹಿಂದಿನ ಗಾಜಿನಲ್ಲಿ ಒಬ್ಬ ಹೆಂಗಸು ಕಂಡಳು. ನನ್ನ ವಯಸ್ಸಿನವಳೇ. ಅವಳು ಜೊತೆಗಿದ್ದ ಮಗುವಿನ ತಲೆ ಹಿಡಿದು ಗೋಡೆಗೆ ತಿರುಗಿಸಿದಳು. ಆಮೇಲೆ ಉಗುಳಿದಳು.

ನನಗೆ ಸಿಟ್ಟು ಬರಲಿಲ್ಲ. ಅದು ನಾನೇ ಎಂದುಕೊಂಡೆ. ನಾನು ಅಲ್ಲಿ ನಿಂತಿದ್ದೇನೆ, ಹಾಗಾದರೆ ಇಲ್ಲಿ ಮಲಗಿದವಳು ಯಾರು ಎಂದು ಬಹಳ ಹೊತ್ತು ಯೋಚಿಸಿದೆ. ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ.

ಆಸ್ಪತ್ರೆಯ ಬಗ್ಗೆ ಹೆಚ್ಚು ಗೊತ್ತಿಲ್ಲ. ಬಿಳಿ ದೀಪಗಳು, ತಲೆಯನ್ನು ನುಂಗಿದ ಒಂದು ಯಂತ್ರ. ಡಾಕ್ಟರ್ ಹೆಣ್ಣುಮಗಳು "ಟೈಮ್ ಹೆಂಗ ಗೊತ್ತಾತು?" ಎಂದು ಕೇಳಿದಳಂತೆ. ಸಿದ್ರಾಮ ಕೈಗವಸು ತೋರಿಸಿ, "ಕಂಡಿಕಿ ಎಣಿಸೇವ್ರಿ ಮೇಡಂ," ಎಂದನಂತೆ. ಅವಳು ಈರಣ್ಣನಿಂದ ಎಲ್ಲ ಕೇಳಿ, ಇನ್ನೊಮ್ಮೆ ಕೇಳಿ, ಆಮೇಲೆ ಇಂಜೆಕ್ಷನ್ ಬರೆದಳಂತೆ. ಕೊಟ್ಟರೂ ಅಪಾಯ, ಕೊಡದಿದ್ದರೂ ಅಪಾಯ ಎಂದು ಈರಣ್ಣನ ಸಹಿ ಕೇಳಿದಾಗ ಅವನು ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತು ಬಂದು ಸಹಿ ಮಾಡಿದನಂತೆ. ಇದನ್ನು ನಿಮ್ಮ ಅಪ್ಪ ನಿಮಗೆ ಹೇಳಿರಲಿಕ್ಕಿಲ್ಲ. ಸುವರ್ಣಾ ಚಪ್ಪಲಿ ಇಲ್ಲದೆ ಬಂದಿದ್ದಳು. ಬೀಳಗಿಯ ಕಡೆಯ ಒಬ್ಬ ಹೆಂಗಸು ತನ್ನ ಗಂಡನ ಚಪ್ಪಲಿ ಬಿಚ್ಚಿಸಿ ಅವಳಿಗೆ ಕೊಟ್ಟಳು. ಆ ದೊಡ್ಡ ಚಪ್ಪಲಿ ಟಪಟಪ ಬಡಿಯುವ ಸದ್ದು ಕೇಳಿದಾಗೆಲ್ಲ ಸೊಸೆ ಬಂದಳು ಎಂದು ನಾನು ಕಣ್ಣು ತೆರೆಯುತ್ತಿದ್ದೆ.

ನೀರಿಗೂ ಲಾಳಿ, ಹಸಿವಿಗೂ ಲಾಳಿ, ಬಚ್ಚಲಿಗೂ ಲಾಳಿ. ಸುವರ್ಣಾ ನನ್ನ ಕಣ್ಣು ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದಳು. ಒಮ್ಮೆ ತಪ್ಪಿ ಬಚ್ಚಲಿಗೆ ಬದಲು ಇಡ್ಲಿ ತಂದಾಗ ನಾನು ಅತ್ತೆ, ಅವಳು ನಕ್ಕಳು, ಆಮೇಲೆ ಇಬ್ಬರೂ ಅತ್ತೆವು. ನಾಲ್ಕನೆಯ ದಿನ "ಸುವರ್ಣಾ" ಎಂಬ ಹೆಸರು ಬಂತು. ಅದಕ್ಕಿಂತ ಮೊದಲು ಈರಣ್ಣನ ಹೆಸರು ಬರಬೇಕಿತ್ತು ಎಂದು ಅವನಿಗೆ ಇನ್ನೂ ಸ್ವಲ್ಪ ಮುನಿಸು.

ಮನೆಗೆ ಬಂದಾಗ ತಿಳಿಯಿತು, ಆ ದಿನ ಗಾಡಿ ಹೋದ ಕೂಡಲೇ ಗೌರಕ್ಕ ನಮ್ಮ ಹೊಸಿಲಿಗೆ ಒಂದು ಕೊಡ ನೀರು ಸುರಿದಿದ್ದಳು, ಹೆಣ ಹೋದಮೇಲೆ ಸುರಿಯುವ ಹಾಗೆ. ನೀವು ಸಾಲೆಯಿಂದ ಬಂದಾಗ ಕಂಡದ್ದು ಆ ಒದ್ದೆ ಹೊಸಿಲು, ನಿಂತ ನಮ್ಮ ಮಗ್ಗಗಳು, ಬೀಗ ಹಾಕಿದ ಬಾಗಿಲು. ಸಂಜೆ ನಿಮ್ಮ ಅಪ್ಪನ ಫೋನ್ ಬರುವವರೆಗೂ ನೀವಿಬ್ಬರೂ ಆ ಕಟ್ಟೆಯ ಮೇಲೆ ಕುಳಿತಿದ್ದಿರಂತೆ. ಗೌರಕ್ಕ ಝುಣಕ, ರೊಟ್ಟಿ ತಂದು ನನ್ನ ಮುಂದೆ ಕುಳಿತು, "ನೀರ ಹಾಕಿದ್ದು ಖರೆ ಬೇ ನೀಲವ್ವಾ. ಕೈ ತಾನ ಹೋತು. ರೂಢಿ," ಎಂದಳು. ಬೈಯಬೇಕು ಎನ್ನಿಸಿತು. ಬೈಗುಳದ ಒಂದು ಪದವೂ ನೆನಪಾಗಲಿಲ್ಲ. ರೊಟ್ಟಿ ತಿಂದೆ.

ಎರಡು ತಿಂಗಳ ನಂತರ ತೋರಿಸಿಕೊಳ್ಳಲು ಜಮಖಂಡಿಗೆ ಹೋದಾಗ ಆಸ್ಪತ್ರೆಯ ಬೇವಿನ ಮರದ ಕೆಳಗೆ ಆ ಗಾಡಿ ನಿಂತಿತ್ತು. ಸಿದ್ರಾಮ ಒಳಗಿನ ನೆಲ ತೊಳೆಯುತ್ತಿದ್ದ. ಕೆಂಪು ನೀರು ಇಳಿಯುತ್ತಿತ್ತು. ಲಕ್ಷ್ಮಣ ನಿಂತುಕೊಂಡೇ ರೊಟ್ಟಿ ತಿನ್ನುತ್ತಿದ್ದ. ನಾನು ಅವರಿಗಾಗಿ ನಮ್ಮ ಮಗ್ಗದ ಎರಡು ಟವೆಲ್ ಒಯ್ದಿದ್ದೆ. ಮಾತಾಡಲು ನಾಚಿಕೆ, ಮಾತು ತಪ್ಪುವ ಭಯ ಬೇರೆ. ಸುವರ್ಣಾ ನನ್ನನ್ನು ಮುಂದೆ ತಳ್ಳಿದಳು.

"ನೆನಪದಾರೇನ್ರಿ ಇವರು?"

ಸಿದ್ರಾಮ ನನ್ನ ಮುಖ ನೋಡಿದ. ಪಾಪ, ಬಹಳ ನೋಡಿದ. "ಯಾವ ಊರ್ರಿ? ದಿನಾ ಇಷ್ಟ ಮಂದಿ..."

ಇವನ ಕೈಯೇ ನನ್ನ ಜೀವ ಎಂದು ನಾನು ಎರಡು ತಿಂಗಳಿಂದ ನೆನೆಯುತ್ತಿದ್ದೆ. ಅವನಿಗೆ ನನ್ನ ಮುಖವೇ ಗೊತ್ತಿರಲಿಲ್ಲ. ಗಾಬರಿಯಾದಾಗ ಈಗಲೂ ಹಳೆಯ ಮಾತೇ ಬರುತ್ತದೆ.

"ಲಾಳಿ," ಎಂದೆ.

"ಏ ಲಾಳಿ ಅವ್ವ!" ಅವನು ಕಸಬರಿಗೆ ಬಿಟ್ಟು ಜಿಗಿದ. "ಲಕ್ಷ್ಮಣಣ್ಣಾ, ಕಂಡಿಕಿ ಎಣಿಸಿದ್ವಲ್ಲ, ಕೆಂಪ ಖುರ್ಚಿ! ನಡಕೊಂಡ ಬಂದಾರೋ!"

ಆಗ ನಾನು ಕೇಳಬೇಕಾದದ್ದನ್ನು ಕೇಳಿದೆ. ತಡೆದು ತಡೆದು ಕೇಳಿದೆ. "ನಾ... ನಿಂಗ... ಹೊಡದಿದ್ನೇನಪಾ?"

ಅವನು ನಕ್ಕ. "ದಿನಾ ಯಾರರೆ ಹೊಡೀತಾರ್ರಿ ಯವ್ವಾ. ಪೇಷಂಟ್ ಹೊಡೀತಾರ, ಪೇಷಂಟಿನ ಅಣ್ಣತಮ್ಮರು ಹೊಡೀತಾರ. ನಿಮ್ಮದು ಯಾವುದಂತ ಹೆಂಗ ನೆನಪ ಇಡಲಿ?"

ಹಾಗಾಗಿ ಅದು ನನಗೆ ಇಂದಿಗೂ ಗೊತ್ತಾಗಿಲ್ಲ.

ಇನ್ನೊಂದನ್ನೂ ಕೇಳಿದೆ, ವಿನಾಯಕ, ನಿನ್ನ ಪ್ರಶ್ನೆಯನ್ನು. ದಾರಿಯಲ್ಲಿ ಸ್ವಲ್ಪ ಹೊತ್ತಾದರೂ ನಾನು ಸತ್ತಿದ್ದೆನೇ ಎಂದು. ಲಕ್ಷ್ಮಣ ರೊಟ್ಟಿ ನುಂಗಿ ಉತ್ತರ ಕೊಟ್ಟ.

"ಸತ್ತವರನ್ನ ನಾವು ಒಯ್ಯೂದ ಇಲ್ರಿ ಯವ್ವಾ. ಅದಕ್ಕ ಬ್ಯಾರೆ ಗಾಡಿ ಐತಿ. ಮಂದಿಗೆ ಎಷ್ಟ ಹೇಳಿದ್ರೂ ತಿಳಿಯೂದಿಲ್ಲ. ನಮ್ಮ ಗಾಡಿ ಬಂತಂದ್ರ ಒಳಗ ಇನ್ನೂ ಜೀವ ಐತಿ ಅಂತ ಅರ್ಥ."

ನಾನು ನಲವತ್ತು ವರ್ಷ ಬಾಳಿದ ಓಣಿಯಲ್ಲಿ ಈ ಮಾತು ಯಾರಿಗೂ ಗೊತ್ತಿರಲಿಲ್ಲ. ಅವರ ಫೋನ್ ಬಡಿಯಿತು. ಟವೆಲ್ ಹೆಗಲ ಮೇಲೆ ಹಾಕಿಕೊಂಡು, ಅರ್ಧ ರೊಟ್ಟಿ ಡಬ್ಬಿಯಲ್ಲಿ ಬಿಟ್ಟು ಹೊರಟುಬಿಟ್ಟರು. ತೊಳೆದ ನೆಲ ಇನ್ನೂ ಒಣಗಿರಲಿಲ್ಲ.

ಕೊನೆಯದು ಕಳೆದ ವಾರದ ಮಾತು. ನೀವಿಬ್ಬರೂ ಸಾಲೆಯಲ್ಲಿದ್ದಿರಿ. ಗೌರಕ್ಕನಿಗೆ ಎದೆನೋವು ಬಂತು. ಅವಳ ಮಗ ಫೋನ್ ಮಾಡಿದ. ಸೈರನ್ ಓಣಿಯ ಬಾಯಿಗೆ ಬಂತು. ಮಲ್ಲಪ್ಪನ ಮಗ್ಗ ನಿಂತಿತು. ಅದರಾಚೆಯದು ನಿಂತಿತು. ನಮ್ಮವೂ ನಿಂತವು.

ನಾನು ಕಟ್ಟೆಯ ಮೇಲೆ ಕೋಲು ಹಿಡಿದು ನಿಂತಿದ್ದೆ. ಒಳಗೆ ಗೌರಕ್ಕ ನೆಲದ ಮೇಲೆ ಮಲಗಿದ್ದಾಳೆ, ಮೇಲೆ ಫ್ಯಾನ್ ತಿರುಗುತ್ತಿದೆ, ಅವಳು ಮಗ್ಗಗಳನ್ನು ಎಣಿಸುತ್ತಿದ್ದಾಳೆ. ಇದು ಓಣಿಯಲ್ಲಿ ನನ್ನೊಬ್ಬಳಿಗೇ ಗೊತ್ತು. ಮೂಲೆಮನೆಯ ಮಗ್ಗ ಇನ್ನೂ ನಡೆಯುತ್ತಿತ್ತು. ಅದೂ ನಿಂತರೆ ಅವಳು ಸತ್ತಂತೆ.

ಓಣಿಯಲ್ಲಿ ಜೋರಾಗಿ ಮಾತಾಡಿದವಳಲ್ಲ ನಾನು. ಮಲ್ಲಪ್ಪನ ಮನೆಯ ಮುಂದೆ ಸೆರಗು ಎಳೆದುಕೊಂಡು ದಾಟುತ್ತಿದ್ದವಳು. ಅಂದು ಓಣಿಯ ನಡುವೆ ಇಳಿದೆ. ಮಗ್ಗ ಹಚ್ಚಿರಿ, ನಿಲ್ಲಿಸಬೇಡಿ, ಅವಳು ಜೀವಂತ ಇದ್ದಾಳೆ ಎಂದು ಕೂಗಲು ಬಾಯಿ ತೆರೆದೆ. ಹೊರಬಿದ್ದದ್ದು ಒಂದೇ ಪದ.

"ಲಾಳಿ!" ಎಂದು ಕೂಗಿದೆ. "ಲಾಳಿ! ಲಾ...ಳಿ!"

ಮಲ್ಲಪ್ಪ ನನಗೆ ಮತ್ತೆ ಏನೋ ಆಯಿತು ಎಂದು ಓಡಿಬಂದ. ನಾನು ಕೋಲಿನಿಂದ ಅವನ ಬಾಗಿಲಿಗೆ ಬಡಿದೆ. ಒಳಗೆ ನಿಂತ ಮಗ್ಗವನ್ನು ತೋರಿಸಿದೆ.

ಮೊದಲು ಅರ್ಥವಾದದ್ದು ನಿಮ್ಮ ಅಪ್ಪನಿಗೆ. ಒಳಗೆ ಓಡಿ ಬಟನ್ ಒತ್ತಿದ. ನಮ್ಮ ನಾಲ್ಕೂ ಲಾಳಿ ಖಟಪಟ ಖಟಪಟ ಓಡಿದವು. ಮಲ್ಲಪ್ಪ ನನ್ನನ್ನು, ಕೋಲನ್ನು, ಮಗ್ಗವನ್ನು ನೋಡಿದ. "ಖರೆ ಐತಿ ಬಿಡವಾ," ಎಂದು ತಾನೂ ಹಚ್ಚಿದ. ಒಂದೊಂದೇ ಮನೆ ಹಚ್ಚಿತು. ಓಣಿ ಮೊದಲಿನ ಹಾಗೆ ಗದ್ದಲವಾಯಿತು, ಒಬ್ಬರ ಮಾತು ಒಬ್ಬರಿಗೆ ಕೇಳದ ಹಾಗೆ.

ಆ ಗದ್ದಲದ ನಡುವೆ ಸಿದ್ರಾಮ, ಲಕ್ಷ್ಮಣ ಗೌರಕ್ಕನನ್ನು ಕುರ್ಚಿಯಲ್ಲಿ ಕೂಡಿಸಿಕೊಂಡು ಹೊರಗೆ ತಂದರು. ಓಣಿಯ ಗಂಡಸರು ಕೇಳುವ ಮೊದಲೇ ಕೈ ಹಚ್ಚಿದರು. ಅವಳ ಮುಖ ಬೂದಿಯಾಗಿತ್ತು, ಕಣ್ಣು ಮುಚ್ಚಿತ್ತು. ಮಲ್ಲಪ್ಪನ ಬಾಗಿಲ ಮುಂದೆ ಬಂದಾಗ ಅವಳ ಹುಬ್ಬು ಗಂಟಿಕ್ಕಿತು. ಒಂದು ಕಣ್ಣು ತೆರೆದಳು.

"ಯಾರ ಮಗ್ಗ ಲೇ ಅದು? ಲಾಳಿ ಸಪ್ಪಳ ಸರಿ ಇಲ್ಲ. ಎಣ್ಣಿ ಬಿಡ್ರಿ."

ಸತ್ತವರು ಹಾಗೆ ಬೈಯುವುದಿಲ್ಲ, ವಿನಾಯಕ.